ಕಾರವಾರದ ಉಪ್ಪುಗಾಳಿ, ಶಿರಸಿಯ ಸಿಡಿಲು: ಪೈ 4 ಮೇಲಿನ ಹೋಮ್ ಅಸಿಸ್ಟೆಂಟ್ ಎಷ್ಟು ಗಟ್ಟಿ?

ಹೊಸದಾಗಿ ಹಾಕಿದ ದಿನ, ಮನೆಯ ದೀಪ, ಪಂಪುಗಳನ್ನು ನಡೆಸುವ ಯಾವ ಕಂಟ್ರೋಲರ್ ಆದರೂ ಚೆನ್ನಾಗಿಯೇ ನಡೆಯುತ್ತದೆ. ಮೊಬೈಲಿನ ಮೇಲೆ ಬೆರಳಿಟ್ಟರೆ ಜಗುಲಿಯ ದೀಪ ಹತ್ತುತ್ತದೆ, ಸಂಜೆಯಾದರೆ ಅಂಗಳದ ದೀಪ ತಾನಾಗಿ ಬೆಳಗುತ್ತದೆ, ಬಂದ ನೆಂಟರು ಬಾಯಿ ಬಿಟ್ಟು ನೋಡುತ್ತಾರೆ. ಅಷ್ಟನ್ನೇ ನೋಡಿ ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಉತ್ತರ ಕನ್ನಡದ ಮನೆಗಳಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಆರಿದ್ರಾ ಮಳೆಯಲ್ಲಿ ಒಂದೇ ದಿನ ಎಂಟು ಸಲ ಕರೆಂಟು ಹೋಗಿ ಬಂದ ಮೇಲೆ ಪೆಟ್ಟಿಗೆ ಎದ್ದು ಕೂರುತ್ತದೆಯೇ? ಏಳದಿದ್ದರೆ ಕೆಟ್ಟದ್ದು ಯಾವುದೆಂದು ಹಿಡಿದು ಅಷ್ಟನ್ನೇ ಬದಲಿಸಲು ಬರುತ್ತದೆಯೇ, ಇಲ್ಲ ಇಡೀ ಪೆಟ್ಟಿಗೆಯನ್ನೇ ಕೊರಿಯರ್‌ಗೆ ಹಾಕಬೇಕೇ?

ಇಲ್ಲಿ ನೋಡುತ್ತಿರುವ ಸೆಟ್ಟು ಇದು: 4 ಜಿಬಿ ರ‍್ಯಾಮಿನ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಅದರ ಮೇಲೆ ಹೋಮ್ ಅಸಿಸ್ಟೆಂಟ್, ಒಂದು ಜಿಗ್ಬೀ ಡಾಂಗಲ್ (ಸೆನ್ಸರು, ಬಲ್ಬುಗಳ ಜೊತೆ ರೇಡಿಯೊದಲ್ಲಿ ಮಾತಾಡುವ ಯುಎಸ್‌ಬಿ ಕಡ್ಡಿ), ಸ್ವಿಚ್ ಬೋರ್ಡಿನೊಳಗೆ ಕೂರುವ ವೈಫೈ ರಿಲೇಗಳು (ವೈಫೈ ಮಾತು ಕೇಳಿ ದೀಪ ಹಾಕಿ ಆರಿಸುವ ಪುಟ್ಟ ಸ್ವಿಚ್ಚುಗಳು). ಪೈ 4 ಬಂದದ್ದು 2019ರ ಜೂನಿನಲ್ಲಿ. ಹೋಮ್ ಅಸಿಸ್ಟೆಂಟ್ ಮನೆಯ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ, 2013ರಿಂದ ಬೆಳೆದುಬಂದ ಮುಕ್ತ ತಂತ್ರಾಂಶ. ಎಲ್ಲ ಲೆಕ್ಕಾಚಾರ ಮನೆಯೊಳಗೇ ನಡೆಯುವುದರಿಂದ ಇಂಟರ್ನೆಟ್ ಇಲ್ಲದಿದ್ದರೂ ಸಂಜೆಯ ದೀಪ ಹತ್ತುತ್ತದೆ. ಕರೆಂಟು ಖರ್ಚು ಸರಾಸರಿ 4 ವ್ಯಾಟ್ ಎಂದು ಹಿಡಿದರೆ ತಿಂಗಳಿಗೆ ಮೂರು ಯೂನಿಟ್ಟೂ ಆಗುವುದಿಲ್ಲ.

ತೀರ್ಪನ್ನು ಮೊದಲೇ ಹೇಳುವುದಾದರೆ, ಬೋರ್ಡು ಗಟ್ಟಿ, ಅದರ ಸುತ್ತ ಇರುವುದು ಬಡಕಲು. "ಕಂಟ್ರೋಲರ್ ಸತ್ತುಹೋಗಿದೆ" ಎಂದು ತೆಗೆದಿಟ್ಟ ಪೆಟ್ಟಿಗೆಗಳಲ್ಲಿ ಹೆಚ್ಚಿನವುಗಳ ರೋಗ ಅಡಾಪ್ಟರಿನಲ್ಲಿ, ಮೆಮೊರಿ ಕಾರ್ಡಿನಲ್ಲಿ, ಇಲ್ಲವೇ ಕಿಲುಬು ಹಿಡಿದ ಕನೆಕ್ಟರಿನಲ್ಲಿ ಇರುತ್ತದೆ. ಈ ಮೂರೂ ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರಾದರೂ ಮನೆಯಲ್ಲೇ ಬದಲಿಸಬಹುದಾದವು ಇಲ್ಲವೇ ತೊಳೆದು ಸರಿಮಾಡಬಹುದಾದವು. ಮುಚ್ಚಿದ ಪೆಟ್ಟಿಗೆಯಾಗಿ ಬರುವ ರೆಡಿಮೇಡ್ ಕಂಟ್ರೋಲರುಗಳಿಗಿಂತ ಈ ಸೆಟ್ಟು ನಮ್ಮ ಕಡೆಗೆ ಒಗ್ಗುವುದು ಇದೇ ಕಾರಣಕ್ಕೆ.

ಮೊದಲು ನಿಜವಾಗಿ ನಿಂತಿದೆಯೇ ಎಂದು ಗೊತ್ತುಮಾಡಿಕೊಳ್ಳಬೇಕು. ಮೊಬೈಲ್ ಆ್ಯಪ್ "ಕನೆಕ್ಟ್ ಆಗುತ್ತಿಲ್ಲ" ಎಂದ ಮಾತ್ರಕ್ಕೆ ಪೈ ಸತ್ತಿದೆ ಎಂದರ್ಥವಲ್ಲ. ಕರೆಂಟು ಬಂದ ಮೇಲೆ ಫೈಬರ್ ಮೋಡೆಮ್ ಸರಿಯಾಗಿ ಏಳಲು ಕೆಲವು ನಿಮಿಷ ಬೇಕು, ಅಷ್ಟು ಕಾಯಿರಿ. ಆಮೇಲೆ ಮನೆಯ ವೈಫೈಗೇ ಸೇರಿಕೊಂಡು, ಬ್ರೌಸರಿನಲ್ಲಿ ಪೈಯ ಐಪಿ ವಿಳಾಸ (ರೂಟರ್ ಅದಕ್ಕೆ ಕೊಟ್ಟ ಅಂಕಿಗಳ ವಿಳಾಸ) ಬರೆದು, ಅದರ ಕೊನೆಗೆ ಕೋಲನ್ ಹಾಕಿ 8123 ಎಂದು ಒತ್ತಿ. "ಹೋಮ್‌ಅಸಿಸ್ಟೆಂಟ್ ಡಾಟ್ ಲೋಕಲ್" ಎಂಬ ಹೆಸರು ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಕೈಕೊಡುತ್ತದೆ, ಐಪಿಯನ್ನೇ ನಂಬಿ. 8123 ತೆರೆಯದಿದ್ದರೆ ಅದೇ ಐಪಿಗೆ 4357 ಹಾಕಿ ನೋಡಿ. ಅದು ಯಂತ್ರದ ಸ್ಥಿತಿ ತೋರಿಸುವ ಅಬ್ಸರ್ವರ್ ಪುಟ. ಅದು ತೆರೆದುಕೊಂಡು 8123 ಮಾತ್ರ ತೆರೆಯದಿದ್ದರೆ ಯಂತ್ರ ಆರೋಗ್ಯವಾಗಿದೆ, ಮೇಲಿನ ತಂತ್ರಾಂಶ ಮಾತ್ರ ಬಿದ್ದಿದೆ. ಎರಡೂ ಇಲ್ಲದಿದ್ದರೆ ರೂಟರಿನ ಪಟ್ಟಿ ನೋಡಿ. ಪೈಗೆ ಬೇರೆ ಐಪಿ ಸಿಕ್ಕಿರಬಹುದು. ಇದು ಮತ್ತೆ ಮತ್ತೆ ಕಾಡದಂತೆ ರೂಟರಿನ ಡಿಎಚ್‌ಸಿಪಿ (ವಿಳಾಸ ಹಂಚುವ) ಸೆಟ್ಟಿಂಗಿನಲ್ಲಿ ಪೈಗೆ ಒಂದೇ ವಿಳಾಸ ಕಾಯ್ದಿರಿಸಿಡುವುದು ಐದು ನಿಮಿಷದ ಕೆಲಸ. ಹೆಚ್ಚಿನವರು ಮಾಡಿರುವುದಿಲ್ಲ.

ಪಟ್ಟಿಯಲ್ಲೂ ಇಲ್ಲ ಎಂದರೆ ಪೆಟ್ಟಿಗೆಯ ಹತ್ತಿರ ಹೋಗಿ ದೀಪ ನೋಡಬೇಕು. ಪೈ 4ರಲ್ಲಿ ಎರಡು ಪುಟ್ಟ ದೀಪಗಳಿವೆ. ಕೆಂಪು ದೀಪ ಸ್ಥಿರವಾಗಿ ಹತ್ತಿರಬೇಕು. ಬೋರ್ಡಿಗೆ ತಲುಪುವ ವೋಲ್ಟೇಜು 4.63ಕ್ಕಿಂತ ಕೆಳಗಿಳಿದರೆ ಅದು ಆರುತ್ತದೆ. ಆರಿ ಹತ್ತಿ ಮಿಣುಕುತ್ತಿದ್ದರೆ ಬೇರೇನನ್ನೂ ಮುಟ್ಟಬೇಡಿ, ಕಳ್ಳ ಅಡಾಪ್ಟರೇ. ಪೈ 4 ಕೇಳುವುದು 5.1 ವೋಲ್ಟ್, 3 ಆಂಪಿಯರ್. ಹಳೆಯ ಮೊಬೈಲ್ ಚಾರ್ಜರ್ ಹಚ್ಚಿದರೂ ಪೈ ಏಳುತ್ತದೆ, ಮೋಸ ಇರುವುದೇ ಅಲ್ಲಿ. ಸುಮ್ಮನೆ ಕೂತಾಗ ಸಾಲುವ ಕರೆಂಟು ಎಸ್‌ಎಸ್‌ಡಿ (ಯುಎಸ್‌ಬಿಗೆ ಹಚ್ಚಿದ ಚಿಪ್ಪಿನ ಡಿಸ್ಕು) ದುಡಿಯತೊಡಗಿದಾಗ, ಬ್ಯಾಕಪ್ ಶುರುವಾದಾಗ ಸಾಲುವುದಿಲ್ಲ. ನಡುರಾತ್ರಿ ತಾನಾಗಿ ರೀಸ್ಟಾರ್ಟ್ ಆಗುವ ಪೈಗಳ ಗುಟ್ಟು ಸಾಮಾನ್ಯವಾಗಿ ಇದು. ತೆಳ್ಳನೆಯ ಎರಡು ಮೀಟರಿನ ಯುಎಸ್‌ಬಿ ಕೇಬಲ್ಲು ತನ್ನ ಪಾಲಿನ ವೋಲ್ಟೇಜನ್ನೂ ದಾರಿಯಲ್ಲೇ ನುಂಗುತ್ತದೆ.

ಅಳೆಯಲು ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕೆಂಪು ಕಡ್ಡಿಯನ್ನು ನಲವತ್ತು ಪಿನ್ನಿನ ಸಾಲಿನಲ್ಲಿ 4ನೇ ಪಿನ್ನಿಗೆ, ಕಪ್ಪು ಕಡ್ಡಿಯನ್ನು 6ನೇ ಪಿನ್ನಿಗೆ ತಾಗಿಸಿ. ಎರಡೂ ಅಕ್ಕಪಕ್ಕದವು, ಕಡ್ಡಿ ಜಾರಿ ಎರಡನ್ನೂ ಕೂಡಿಸಿದರೆ ಶಾರ್ಟ್. ಕೈ ನಡುಗುವವರು ಯುಎಸ್‌ಬಿ ವೋಲ್ಟೇಜ್ ಮೀಟರ್ ಕೊಳ್ಳುವುದು ಒಳ್ಳೆಯದು. ಪೈ ದುಡಿಯುತ್ತಿರುವಾಗಲೂ 4.9ರ ಆಸುಪಾಸು ಇದ್ದರೆ ಅಡಾಪ್ಟರ್ ಸರಿ. 4.7 ಕಂಡರೆ ಬದಲಿಸಿ. ಇನ್ನೊಂದು ವಿಚಿತ್ರ: ಪೈ 4ರ ಮೊದಲ ಕಂತಿನ ಬೋರ್ಡುಗಳಲ್ಲಿ ಟೈಪ್-ಸಿ ಕನೆಕ್ಟರಿನ ರೆಸಿಸ್ಟರ್ ಜೋಡಣೆಯಲ್ಲಿ ತಪ್ಪಿತ್ತು. ಲ್ಯಾಪ್‌ಟಾಪಿನ ಜೊತೆ ಬರುವ, ಒಳಗೆ ಚಿಪ್ ಇರುವ ದುಬಾರಿ ಕೇಬಲ್ ಹಾಕಿದರೆ ಅಂಥ ಬೋರ್ಡಿಗೆ ಕರೆಂಟೇ ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ಪೈ ಕೊಂಡವರಿಗೆ ಇದು ಗೊತ್ತಿರಲಿ. ಸಾದಾ ಕೇಬಲ್ ಹಾಕಿದರೆ ಎದ್ದುಬಿಡುತ್ತದೆ. ಹೋಮ್ ಅಸಿಸ್ಟೆಂಟಿನಲ್ಲೇ ಪೈಯ ಪವರ್ ಸಪ್ಲೈ ಪರೀಕ್ಷಿಸುವ ಇಂಟಿಗ್ರೇಶನ್ (ಸೇರಿಸಿಕೊಳ್ಳಬಹುದಾದ ಭಾಗ) ಇದೆ. ವೋಲ್ಟೇಜು ಬಿದ್ದಾಗ ಫೋನಿಗೆ ಸಂದೇಶ ಬರುವಂತೆ ಅದನ್ನು ಕಟ್ಟಿಟ್ಟರೆ ಪೈ ಕೆಡುವ ಮೊದಲೇ ಸುಳಿವು ಸಿಗುತ್ತದೆ.

ಕೆಂಪು ಸರಿಯಿದ್ದು ಹಸಿರು ದೀಪ ಅನಿಯಮಿತವಾಗಿ ಮಿಣುಕುತ್ತಿದ್ದರೆ ಕಾರ್ಡು ಓದುತ್ತಿದೆ ಎಂದರ್ಥ, ಕಾಯಿರಿ. ಲೆಕ್ಕ ಹಾಕಿದಂತೆ ನಾಲ್ಕು ಸಲ ಮಿಣುಕಿ, ನಿಂತು, ಮತ್ತೆ ನಾಲ್ಕು ಸಲ ಮಿಣುಕಿದರೆ ಪೈ ಶುರುವಾಗಲು (ಬೂಟ್ ಆಗಲು) ಬೇಕಾದ ಫೈಲೇ ಸಿಕ್ಕಿಲ್ಲ. ಏಳು ಸಲವಾದರೆ ಕರ್ನೆಲ್, ಅಂದರೆ ತಂತ್ರಾಂಶದ ತಿರುಳು, ಸಿಕ್ಕಿಲ್ಲ. ಎರಡರಲ್ಲೂ ಬೋರ್ಡಿನ ತಪ್ಪಿಲ್ಲ, ಕಾರ್ಡು ಕೆಟ್ಟಿದೆ. ಎಂಟು ಸಲವಾದರೆ ಮಾತ್ರ ರ‍್ಯಾಮ್ ಹೋಗಿದೆ, ಅಲ್ಲಿಗೆ ಬೋರ್ಡು ಮುಗಿಯಿತು. ಟಿವಿಯನ್ನು ಟೈಪ್-ಸಿ ಪಕ್ಕದ ಮೈಕ್ರೋ ಎಚ್‌ಡಿಎಂಐ ಕಿಂಡಿಗೆ ಹಚ್ಚಿದರೆ ಕಾರ್ಡು ಸಿಗದ ಪೈ ತನ್ನ ದೂರನ್ನು ಪರದೆಯ ಮೇಲೆ ತಾನೇ ಬರೆದು ತೋರಿಸುತ್ತದೆ.

ಕಾರ್ಡು ಸಾಯುವುದಕ್ಕೆ ಕಾರಣ ಎರಡು. ಒಂದು, ಬರೆಯುವ ಹೊತ್ತಿಗೇ ಕರೆಂಟು ಹೋಗುವುದು. ಇನ್ನೊಂದು, ಹೋಮ್ ಅಸಿಸ್ಟೆಂಟಿನ ಬರೆಯುವ ಚಟ. ರೆಕಾರ್ಡರ್ ಎಂಬ ಭಾಗ ಪ್ರತಿ ಸೆನ್ಸರಿನ ಪ್ರತಿ ಬದಲಾವಣೆಯನ್ನೂ ಐದು ಸೆಕೆಂಡಿಗೊಮ್ಮೆ ಡೇಟಾಬೇಸಿಗೆ ತುರುಕುತ್ತದೆ, ಹತ್ತು ದಿನದ ಲೆಕ್ಕ ಇಟ್ಟುಕೊಳ್ಳುತ್ತದೆ. ಕರೆಂಟಿನ ವೋಲ್ಟೇಜು ಅಳೆಯುವ ನಾಲ್ಕು ಸ್ಮಾರ್ಟ್ ಪ್ಲಗ್ಗಿದ್ದರೆ ಹಗಲೂ ರಾತ್ರಿ ಇದೇ ಕೆಲಸ. ರೆಕಾರ್ಡರಿನ ಸೆಟ್ಟಿಂಗಿನಲ್ಲಿ ಬರೆಯುವ ಅಂತರವನ್ನು 30 ಸೆಕೆಂಡಿಗೆ ಏರಿಸಿ, ಇಟ್ಟುಕೊಳ್ಳುವ ದಿನಗಳನ್ನು 5ಕ್ಕೆ ಇಳಿಸಿ, ನೋಡಲೇ ಬೇಡದ ಸೆನ್ಸರುಗಳನ್ನು ಹೊರಗಿಡಿ. ಕಾರ್ಡಿನ ಆಯುಸ್ಸು ಎದ್ದುಕಾಣುವಷ್ಟು ಹೆಚ್ಚುತ್ತದೆ.

ಇದಕ್ಕಿಂತ ಗಟ್ಟಿಯಾದ ಉಪಾಯ ಎಸ್‌ಎಸ್‌ಡಿ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಒಳಗೆ ಡೇಟಾ ಡಿಸ್ಕನ್ನು ಸ್ಥಳಾಂತರಿಸುವ ಆಯ್ಕೆಯಿದೆ. ಡೇಟಾಬೇಸು ಎಸ್‌ಎಸ್‌ಡಿಗೆ ಹೋಗುತ್ತದೆ, ಕಾರ್ಡು ಬೂಟ್ ಆಗಲು ಮಾತ್ರ ಉಳಿಯುತ್ತದೆ. ಎಸ್‌ಎಸ್‌ಡಿಯ ಮೊದಲಿನ ಫೈಲುಗಳೆಲ್ಲ ಅಳಿಸಿಹೋಗುತ್ತವೆ, ಮದುವೆ ಫೋಟೋ ಇರುವ ಡಿಸ್ಕನ್ನು ಹಚ್ಚಬೇಡಿ. ಕಾರ್ಡಿನಲ್ಲೇ ಉಳಿಯುವವರು 32 ಜಿಬಿಗೆ ಕಡಿಮೆಯಿಲ್ಲದ, ಸಿಸಿಟಿವಿಗೆಂದು ಮಾರುವ ಹೈ ಎಂಡ್ಯೂರೆನ್ಸ್ ಕಾರ್ಡು ಹಾಕಿ. ಪೇಟೆಯಲ್ಲಿ ನಕಲಿ ಕಾರ್ಡುಗಳೂ ಇವೆ. ಕೊಂಡ ಕೂಡಲೇ ಕಂಪ್ಯೂಟರಿನಲ್ಲಿ ಪೂರ್ತಿ ತುಂಬಿ ಓದಿಸಿ ಪರೀಕ್ಷಿಸದೆ ಪೈಗೆ ಹಾಕಬಾರದು.

ಹೊಸ ಕಾರ್ಡಿಗೆ ರಾಸ್ಪ್‌ಬೆರಿ ಪೈ ಇಮೇಜರಿನಿಂದ ಹೋಮ್ ಅಸಿಸ್ಟೆಂಟ್ ಬರೆದು, ಪೈಯನ್ನು ಲ್ಯಾನ್ ಕೇಬಲ್ಲಿನಿಂದ ರೂಟರಿಗೆ ಸೇರಿಸಿ ಕರೆಂಟು ಕೊಡಿ. ಮೊದಲ ಸಲ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳುವುದು ಬಹಳ ಇರುವುದರಿಂದ ಇಪ್ಪತ್ತು ನಿಮಿಷವಾದರೂ ಆಗಬಹುದು. ನಡುವೆ ಕರೆಂಟು ತೆಗೆದರೆ ಮತ್ತೆ ಮೊದಲಿನಿಂದ. ಸ್ವಾಗತದ ಪುಟ ಬಂದಾಗ ಹೊಸ ಮನೆ ಕಟ್ಟುವ ಬದಲು ಬ್ಯಾಕಪ್ಪಿನಿಂದ ರಿಸ್ಟೋರ್ ಎಂಬುದನ್ನು ಆರಿಸಿ. ಇಲ್ಲಿ ಜನ ಎಡವುವುದು ಎರಡು ಕಡೆ. ಬ್ಯಾಕಪ್ ಇದ್ದದ್ದು ಸತ್ತ ಕಾರ್ಡಿನೊಳಗೇ ಆಗಿರುತ್ತದೆ. ಅಥವಾ ಬ್ಯಾಕಪ್ ಸಿಕ್ಕರೂ ಅದರ ಬೀಗದ ಕೈ ಇರುವುದಿಲ್ಲ: 2025ರ ಜನವರಿಯ ಆವೃತ್ತಿಯಿಂದ ತಾನಾಗಿ ತೆಗೆಯುವ ಬ್ಯಾಕಪ್ಪುಗಳು ಗೂಢಲಿಪಿಯಲ್ಲಿರುತ್ತವೆ. ಆ ಕೀಲಿಯನ್ನು ಕೊಡುವ ಎಮರ್ಜೆನ್ಸಿ ಕಿಟ್ ಫೈಲನ್ನು ಪ್ರಿಂಟ್ ತೆಗೆದು ಕರೆಂಟು ಬಿಲ್ಲಿನ ಕಡತದಲ್ಲಿ ಸೇರಿಸಿಡಿ. ಬ್ಯಾಕಪ್ಪು ಗೂಗಲ್ ಡ್ರೈವಿಗೋ ಇನ್ನೊಂದು ಕಂಪ್ಯೂಟರಿಗೋ ಹೋಗಬೇಕು.

ಯಂತ್ರ ಎದ್ದು, ಹಳೆಯ ಗ್ರಾಫುಗಳೆಲ್ಲ ಮಾಯವಾಗಿದ್ದರೆ ಗಾಬರಿ ಬೇಡ. ಕರೆಂಟು ಹೋದಾಗ ಡೇಟಾಬೇಸು ಮುರಿದಿರುತ್ತದೆ. ಹೋಮ್ ಅಸಿಸ್ಟೆಂಟ್ ಅದರ ಹೆಸರಿಗೆ "ಕರಪ್ಟ್" ಎಂದು ಬಾಲ ಸೇರಿಸಿ ಪಕ್ಕಕ್ಕಿಟ್ಟು ಹೊಸದನ್ನು ಶುರುಮಾಡುತ್ತದೆ. ಆಟೊಮೇಶನ್ನುಗಳಿಗೆ ಏನೂ ಆಗಿರುವುದಿಲ್ಲ. ಆದರೆ ಪಕ್ಕಕ್ಕಿಟ್ಟ ಫೈಲುಗಳು ಮಳೆಗಾಲ ಮುಗಿಯುವುದರೊಳಗೆ ರಾಶಿ ಬಿದ್ದು ಡಿಸ್ಕು ತುಂಬಿಸುತ್ತವೆ, ಡಿಸ್ಕು ತುಂಬಿದರೆ ಮತ್ತೆ ಎಲ್ಲ ನಿಲ್ಲುತ್ತದೆ. ಅಳಿಸಿಹಾಕಿ.

ಪೈ 4ರ ನಿಜವಾದ ಕುಂದು ಗಡಿಯಾರ. ಬೋರ್ಡಿನ ಮೇಲೆ ಬ್ಯಾಟರಿ ಗಡಿಯಾರವಿಲ್ಲ, ಸಮಯವನ್ನು ಇಂಟರ್ನೆಟ್ಟಿನಿಂದ ಕೇಳಿ ತಿಳಿಯಬೇಕು. ಮರ ಬಿದ್ದು ಕರೆಂಟು, ಫೈಬರ್ ಎರಡೂ ಹೋಗಿ ಕರೆಂಟು ಮಾತ್ರ ಬಂದರೆ ಪೈ ಹಳೆಯ ಗಂಟೆಯನ್ನೇ ಹಿಡಿದು ಕೂರುತ್ತದೆ, ಅಂಗಳದ ದೀಪ ಹೊತ್ತಲ್ಲದ ಹೊತ್ತಿನಲ್ಲಿ ಹತ್ತುತ್ತದೆ. ಡಿಎಸ್3231 ಎಂಬ ಗಡಿಯಾರದ ಮಾಡ್ಯೂಲ್ ಹಚ್ಚಬಹುದು. ಅಗ್ಗದ ಮಾಡ್ಯೂಲುಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ತಂತಿದಾರಿ ಇರುತ್ತದೆ, ಚಾರ್ಜ್ ಆಗದ ಸಾದಾ ಸಿಆರ್2032 ಬಿಲ್ಲೆ ಹಾಕಿ 5 ವೋಲ್ಟ್ ಕೊಟ್ಟರೆ ಅದು ಉಬ್ಬುತ್ತದೆ. 3.3 ವೋಲ್ಟಿನ ಪಿನ್ನಿಗೇ ಹಚ್ಚಿ, ಚಾರ್ಜಿನ ದಾರಿಯ ಡಯೋಡನ್ನೂ ಕಿತ್ತುಬಿಡಿ. ಪೈ 5ರಲ್ಲಿ ಗಡಿಯಾರ ಬೋರ್ಡಿನಲ್ಲೇ ಇದೆ, ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು.

ಇನ್ನು ಕಿಲುಬು. ಕಾರವಾರ, ಅಂಕೋಲೆ, ಗೋಕರ್ಣದ ಕಡಲ ಬದಿಯ ಮನೆಗಳಲ್ಲಿ ಪೆಟ್ಟಿಗೆ ಬಿಚ್ಚಿದರೆ ಮೊದಲು ಕಾಣುವುದು ಇದೇ. ಯುಎಸ್‌ಬಿ ಕಿಂಡಿಯ ಅಂಚಿನಲ್ಲಿ ಕಂದು ತುಕ್ಕು, ಪಿನ್ನುಗಳ ಬುಡದಲ್ಲಿ ಹಸಿರು ಪುಡಿ, ಲ್ಯಾನ್ ಜಾಕಿನೊಳಗಿನ ಎಂಟು ಚಿನ್ನದ ಬಣ್ಣದ ತಂತಿಗಳಲ್ಲಿ ಒಂದೆರಡು ಕಪ್ಪಗೆ. ಉಪ್ಪಿನ ಪುಡಿ ಗಾಳಿಯ ತೇವ ಹೀರಿ ಒದ್ದೆಯಾಗುತ್ತದೆ, ಆ ಒದ್ದೆಯಲ್ಲಿ ಕರೆಂಟು ಹರಿದಾಗ ತಾಮ್ರ ಕರಗುತ್ತದೆ. ಹಾಗಾಗಿ ಸುಮ್ಮನೆ ಬಿದ್ದ ಬೋರ್ಡಿಗಿಂತ ಸದಾ ಉರಿಯುವ ಬೋರ್ಡಿನ 5 ವೋಲ್ಟಿನ ಪಿನ್ನೇ ಬೇಗ ಸವೆಯುತ್ತದೆ. ಲಕ್ಷಣಗಳೂ ಅರ್ಧಂಬರ್ಧ: ಡಾಂಗಲ್ಲನ್ನು ಅಲ್ಲಾಡಿಸಿದರೆ ಸರಿ, ಬಿಟ್ಟರೆ ಇಲ್ಲ, ಬಿಸಿಲು ಬಂದ ದಿನ ಸರಿ, ಮೋಡದ ದಿನ ಇಲ್ಲ.

ತೊಳೆಯಲು 99 ಶೇಕಡಾದ ಐಸೊಪ್ರೊಪೈಲ್ ಆಲ್ಕೋಹಾಲ್, ಮೃದುವಾದ ಹಲ್ಲುಜ್ಜುವ ಬ್ರಶ್ಶು ಸಾಕು. ಕರೆಂಟು ತೆಗೆದು, ಕಾರ್ಡು ಹೊರಗೆಳೆದು, ಕಿಂಡಿಗಳನ್ನು ಕೆಳಮುಖ ಮಾಡಿ ಹಿಡಿದು ಉಜ್ಜಿ. ಕೊಳೆ ಹೊರಗೆ ಹರಿಯಬೇಕೇ ಹೊರತು ಒಳಗಲ್ಲ. ಫ್ಯಾನಿನ ಕೆಳಗೆ ಒಂದು ಗಂಟೆ ಒಣಗಿಸಿ. ಪೆಟ್ರೋಲು, ಸೀಮೆಎಣ್ಣೆ, ಬಾಗಿಲಿನ ಕೀಲಿಗೆ ಹೊಡೆಯುವ ಸ್ಪ್ರೇ ಇವು ಬೇಡ. ಕೆಲವರು ತೇವಕ್ಕೆ ಹೆದರಿ ಪೈಯನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡುತ್ತಾರೆ. ಒಳಗಿನ ಬಿಸಿ ಹೊರಹೋಗುವುದಿಲ್ಲ; 80 ಡಿಗ್ರಿ ಮುಟ್ಟಿದ ಪೈ ತನ್ನ ವೇಗವನ್ನು ತಾನೇ ತಗ್ಗಿಸುತ್ತದೆ, ಆಗ ಎಲ್ಲವೂ ಎಳೆದಾಡುತ್ತದೆ. ದಪ್ಪ ಅಲ್ಯೂಮಿನಿಯಂ ಕವಚದಲ್ಲಿಟ್ಟು, ಪಡುವಣ ಗೋಡೆ ಬಿಟ್ಟು, ಕಿಟಕಿ ಬಿಟ್ಟು, ಮನೆಯ ನಡುವಿನ ಕೋಣೆಯ ಒಣ ಗೋಡೆಗೆ ಎದೆಯೆತ್ತರದಲ್ಲಿ ತೂಗುಹಾಕುವುದು ಸರಿ. ಬಳಸದ ಯುಎಸ್‌ಬಿ ಕಿಂಡಿಗಳಿಗೆ ರಬ್ಬರ್ ಬಿರಡೆ ಹಾಕಿ. ಮಳೆ ಹಿಡಿದರೆ ಇರುವೆಗಳೂ ಬೆಚ್ಚನೆಯ ಜಾಗ ಹುಡುಕಿಕೊಂಡು ಬರುತ್ತವೆ.

ಜಿಗ್ಬೀ ಸಾಧನಗಳಷ್ಟೇ "ಲಭ್ಯವಿಲ್ಲ" ಎಂದು ತೋರಿಸಿದರೆ ಒಂದೊಂದನ್ನೂ ಅಳಿಸಿ ಹೊಸದಾಗಿ ಸೇರಿಸುವ ಕೆಲಸಕ್ಕೆ ಇಳಿಯಬೇಡಿ. ಡಾಂಗಲ್ಲು ನೀಲಿ (ಯುಎಸ್‌ಬಿ 3) ಕಿಂಡಿಯಲ್ಲಿ, ಎಸ್‌ಎಸ್‌ಡಿಯ ಪಕ್ಕದಲ್ಲಿ ಕೂತಿದೆಯೇ ನೋಡಿ. ಯುಎಸ್‌ಬಿ 3 ಹೊಮ್ಮಿಸುವ ಗದ್ದಲ ಜಿಗ್ಬೀ ಮಾತಾಡುವ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತದೆ. ಒಂದು ಮೀಟರಿನ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಕಪ್ಪು ಕಿಂಡಿಗೆ ಸಿಕ್ಕಿಸಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಸೆಟ್ಟಿಂಗಿನಲ್ಲಿ ಡಾಂಗಲ್ಲಿನ ವಿಳಾಸ "ಟಿಟಿವೈ ಯುಎಸ್‌ಬಿ ಸೊನ್ನೆ" (ttyUSB0) ಎಂದಿದ್ದರೆ ಅದನ್ನು ಡಾಂಗಲ್ಲಿನದೇ ಗುರುತು ಇರುವ ಬೈ-ಐಡಿ (by-id) ರೂಪದ ಉದ್ದ ವಿಳಾಸಕ್ಕೆ ಬದಲಿಸಿ. ಇಲ್ಲದಿದ್ದರೆ ಮುಂದಿನ ರೀಸ್ಟಾರ್ಟಿನಲ್ಲಿ 0 ಇದ್ದದ್ದು 1 ಆಗಿ ಡಾಂಗಲ್ಲು ಸಿಗದೇ ಹೋಗಬಹುದು. ಇನ್ನು ಮನೆಯಲ್ಲಿ ಯಾರೋ ಜಿಗ್ಬೀ ಬಲ್ಬಿನ ಗೋಡೆ ಸ್ವಿಚ್ಚು ಆರಿಸಿದರೆ ಅದರ ಮೂಲಕ ಮಾತಾಡುತ್ತಿದ್ದ ಆಚೆಯ ಸೆನ್ಸರುಗಳೂ ಮೂಕವಾಗುತ್ತವೆ, ಸ್ವಿಚ್ಚು ಹಾಕಿ ಒಂದು ಹಗಲು ಬಿಟ್ಟು ನೋಡಿ.

ಪೈ ಸರಿಯಿದೆ, ಒಂದು ದೀಪ ಮಾತ್ರ ಮಾತು ಕೇಳುತ್ತಿಲ್ಲ ಎಂದರೆ ರಿಲೇಗೆ ಕಿವಿಗೊಡಿ. ಟಿಕ್ ಎಂದರೂ ದೀಪ ಹತ್ತದಿದ್ದರೆ ಕಾಂಟ್ಯಾಕ್ಟ್ (ಒಳಗೆ ಕೂಡಿ ಬಿಡುವ ಲೋಹದ ತುದಿ) ಸುಟ್ಟಿದೆ. ದೀಪ ಆರುವುದೇ ಇಲ್ಲವೆಂದರೆ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ. ಟಿಕ್ಕೇ ಇಲ್ಲದಿದ್ದರೆ ಒಳಗಿನ 5 ವೋಲ್ಟಿನ ಪುಟ್ಟ ಸಪ್ಲೈ ಸೋತಿದೆ. ರಿಲೇ ಸುರುಳಿಯೊಂದಕ್ಕೇ ಸುಮಾರು 70 ಮಿಲಿಆಂಪಿಯರ್ ಬೇಕು, ತಲೆ ಉಬ್ಬಿದ ಕೆಪಾಸಿಟರ್ ಅಷ್ಟನ್ನು ಕೊಡಲಾರದು. ರಿಲೇ ಮೇಲೆ 10 ಆಂಪಿಯರ್ ಎಂದು ಬರೆದಿರುವುದು ಹೀಟರಿನಂಥ ಲೋಡಿಗೆ. ತೋಟದ 1 ಎಚ್‌ಪಿ ಪಂಪು ನಡೆಯುವಾಗ ಎಳೆಯುವುದು ಐದಾರು ಆಂಪಿಯರ್, ಎದ್ದೇಳುವಾಗ ಅದರ ಐದಾರು ಪಟ್ಟು. ಅಡಿಕೆ ತೋಟದ ಪಂಪನ್ನು ನೇರ ಇಂಥ ರಿಲೇಗೆ ಕಟ್ಟಿಕೊಟ್ಟರೆ ಅದು ಬೆಸೆದುಕೊಂಡು ಪಂಪು ನಿಲ್ಲದೇ ಓಡುತ್ತದೆ, ಬಾವಿ ಬತ್ತಿದ ಮೇಲೂ. ನಡುವೆ 230 ವೋಲ್ಟ್ ಸುರುಳಿಯ ಕಾಂಟ್ಯಾಕ್ಟರ್ (ದೊಡ್ಡ ಲೋಡು ತಾಳುವ ರಿಲೇ) ಹಾಕಿ, ಮೋಟಾರುಗಳಿಗೆಂದಿರುವ ಎಸಿ-3 ದರ್ಜೆಯಲ್ಲಿ 12 ಆಂಪಿಯರಿನದು ಸಾಕು. ಕಾಂಟ್ಯಾಕ್ಟರಿನ ಸುರುಳಿಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ಡಿನ ಸ್ನಬ್ಬರ್ (ವೋಲ್ಟೇಜಿನ ಏಟು ಹೀರುವ ಭಾಗ) ಹಾಕಿದರೆ ಪಂಪು ನಿಲ್ಲಿಸಿದಾಗ ವೈಫೈ ರಿಲೇ ತಲೆತಿರುಗಿ ರೀಸ್ಟಾರ್ಟ್ ಆಗುವುದು ತಪ್ಪುತ್ತದೆ.

ಸ್ವಿಚ್ ಬೋರ್ಡ್ ಬಿಚ್ಚುವ ಮೊದಲು ಒಂದು ಮಾತು. ಇನ್ವರ್ಟರ್ ಇರುವ ಮನೆಯಲ್ಲಿ ಒಂದೇ ಬೋರ್ಡಿನೊಳಗೆ ಎರಡು ಫೇಸು ಬಂದಿರುತ್ತವೆ, ಒಂದು ಮೇನ್ಸಿನದು, ಇನ್ನೊಂದು ಇನ್ವರ್ಟರಿನದು. ಎಂಸಿಬಿ ಇಳಿಸಿದರೆ ಸಾಯುವುದು ಮೊದಲನೆಯದು ಮಾತ್ರ. ಇನ್ವರ್ಟರಿನ ಸ್ವಿಚ್ಚನ್ನೂ ಆರಿಸಿ, ಪ್ರತಿ ತಂತಿಗೂ ಟೆಸ್ಟರ್ ಹಚ್ಚಿ, ಆ ಟೆಸ್ಟರ್ ಸರಿಯಿದೆಯೇ ಎಂದು ಜೀವಂತ ಪ್ಲಗ್ಗಿನಲ್ಲಿ ನೋಡಿಕೊಂಡೇ ಕೈ ಹಾಕಿ. ಇದಕ್ಕೆ ಧೈರ್ಯ ಸಾಲದವರು ಎಲೆಕ್ಟ್ರಿಷಿಯನ್‌ಗೇ ಬಿಡಲಿ. ಅಂದಹಾಗೆ ಇನ್ವರ್ಟರಿನ ಹಿಂದಿರುವ ಗುಂಡಿ ಯುಪಿಎಸ್ ಕಡೆಗಿರಲಿ. ಸಾದಾ ಮೋಡಿನಲ್ಲಿ ಅದು ಬದಲಾಗಲು ತೆಗೆದುಕೊಳ್ಳುವ ಕ್ಷಣದಲ್ಲಿ ಪೈ ಬಿದ್ದೇಳುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಉಪ್ಪಿನ ಕಾಟವಿಲ್ಲ, ಸಿಡಿಲಿನದು ಇದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಪೈಯ ಲ್ಯಾನ್ ಕಿಂಡಿ ಸುಟ್ಟರೆ ಅದಕ್ಕೆ ಮದ್ದಿಲ್ಲ, ವೈಫೈಯಿಂದ ನಡೆಸಿಕೊಂಡು ಹೋಗಬಹುದು ಅಷ್ಟೆ. ಮನೆಗೆ ಬರುವುದು ಗಾಜಿನ ಫೈಬರ್ ಆದರೂ ಮೋಡೆಮಿನ ಅಡಾಪ್ಟರಿನಿಂದ ಲ್ಯಾನ್ ತಂತಿಗೆ ಏಟು ಬರುವ ದಾರಿ ಇದ್ದೇ ಇದೆ. ಡಿಸ್ಟ್ರಿಬ್ಯೂಶನ್ ಬೋರ್ಡಿನಲ್ಲಿ ಏಟನ್ನು ನೆಲಕ್ಕೆ ಹರಿಸುವ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಕೂರಿಸಬೇಕು, ಆದರೆ ಅರ್ಥಿಂಗ್ ಇಲ್ಲದೆ ಅದು ಬರೀ ಅಲಂಕಾರ. ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥ್ ಗುಂಡಿ ಕೆಲಸಕ್ಕೆ ಬಾರದಂತಾಗುತ್ತದೆ, ಮಾರ್ಚಿನಿಂದಲೇ ನೀರು ಹಾಕುತ್ತಿರಿ.

ಅಪ್‌ಡೇಟ್ ಮಾಡಿದ ಮೇಲೆ ನಿಂತದ್ದಾದರೆ ರಿಕವರಿ ಮೋಡಿನ ಪುಟ ಬರುತ್ತದೆ, ಲಾಗ್ ಓದಿ ತಪ್ಪಿದ ಸಾಲು ತಿದ್ದಿ, ಆಗದಿದ್ದರೆ ಅಪ್‌ಡೇಟಿನ ಮುಂಚಿನ ಬ್ಯಾಕಪ್ಪಿಗೆ ಮರಳಿ. ತಿಂಗಳಿಗೊಂದು ದೊಡ್ಡ ಆವೃತ್ತಿ ಬರುವ ತಂತ್ರಾಂಶ ಇದು. ಬಂದ ದಿನವೇ ಹಾಕಿಕೊಳ್ಳುವ ಅವಸರ ಬೇಡ, ಮಳೆಗಾಲದಲ್ಲಂತೂ ಬೇಡವೇ ಬೇಡ.

ಯಾರು ಕೊಳ್ಳಬಹುದು? ಮನೆಯಲ್ಲಿ ಒಬ್ಬರಿಗಾದರೂ ಮಲ್ಟಿಮೀಟರ್ ಹಿಡಿಯಲು ಬಂದರೆ ಪೈ 4ಕ್ಕಿಂತ ಒಳ್ಳೆಯದು ಇಲ್ಲ. ಅಷ್ಟು ಗೋಜು ಬೇಡ ಎನ್ನುವವರಿಗೆ ಹೋಮ್ ಅಸಿಸ್ಟೆಂಟ್ ಗ್ರೀನ್ ಎಂಬ ಸಿದ್ಧ ಪೆಟ್ಟಿಗೆ ಇದೆ, ಅದರಲ್ಲಿ ಕಾರ್ಡಿನ ಬದಲು ಬೋರ್ಡಿಗೇ ಬೆಸೆದ 32 ಜಿಬಿ ಇಎಂಎಂಸಿ ಮೆಮೊರಿ ಚಿಪ್, 12 ವೋಲ್ಟಿನ ಅಡಾಪ್ಟರ್. ಕಾರ್ಡಿನ ರಗಳೆ ಇಲ್ಲ, ಆದರೆ ಆ ಚಿಪ್ ಕೆಟ್ಟರೆ ಕಾರ್ಡಿನಂತೆ ಕಿತ್ತು ಬದಲಿಸಲೂ ಬರುವುದಿಲ್ಲ. ಯಾವುದೇ ಕೊಂಡರೂ ಗೋಡೆಯ ಸ್ವಿಚ್ಚುಗಳು ಕಂಟ್ರೋಲರ್ ಇಲ್ಲದೆಯೂ ನಡೆಯುವಂತೆ ವೈರಿಂಗ್ ಇರಬೇಕು. ಸ್ವಿಚ್ಚು ತೆಗೆದು ಬರೀ ಟಚ್ ಪ್ಯಾನೆಲ್ ಹಾಕಿಸಿಕೊಳ್ಳುವವರಿಗೆ ಈ ವಿಮರ್ಶೆಯಲ್ಲಿ ಅಂಕವಿಲ್ಲ.

ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ-ಅಮ್ಮ ಊರಿನಲ್ಲಿ ಎಂಬ ಮನೆಗಳಿಗೆ ಒಂದು ಹೆಚ್ಚಿನ ಖರ್ಚು ಹೇಳಬೇಕು. ಇನ್ನೊಂದು ಅಡಾಪ್ಟರ್, ಹೋಮ್ ಅಸಿಸ್ಟೆಂಟ್ ಬರೆದು ರಿಸ್ಟೋರ್ ಮಾಡಿಟ್ಟ ಇನ್ನೊಂದು ಕಾರ್ಡು, ಎರಡನ್ನೂ ಒಂದು ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಹಾಕಿ ಪೆಟ್ಟಿಗೆಯ ಪಕ್ಕದಲ್ಲೇ ತೂಗುಬಿಡಿ. ಎಸ್‌ಎಸ್‌ಡಿಗೆ ಹೋದವರು ಕಾರ್ಡು ಬದಲಿಸುವ ಮುನ್ನ ಎಸ್‌ಎಸ್‌ಡಿಯ ಕೇಬಲ್ ಕಿತ್ತಿಡಬೇಕು. ದೇವಿಮನೆ ಘಟ್ಟದಲ್ಲೋ ಅರಬೈಲಿನಲ್ಲೋ ಗುಡ್ಡ ಜರಿದರೆ ಕೊರಿಯರ್ ಯಾವಾಗ ಬರುತ್ತದೆಂದು ಹೇಳಲಾಗದು. ಅಡಾಪ್ಟರಿಗೆ ಹಳದಿ ಟೇಪು, ಕಾರ್ಡಿಗೆ ಕೆಂಪು ಟೇಪು ಅಂಟಿಸಿ. ಫೋನಿನಲ್ಲಿ ಕೇಳಬೇಕಾದದ್ದು ಆಗ ಇಷ್ಟೇ: "ಆಯಿ, ಕೆಂಪು ದೀಪ ಹತ್ತಿದ್ದಾ, ಆರಿದ್ದಾ?" ಆರಿದ್ದರೆ ಹಳದಿ ಟೇಪಿನದು, ಹತ್ತಿದ್ದರೆ ಕೆಂಪು ಟೇಪಿನದು. ಆ ಕಾರ್ಡಿಗೆ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಹೊಸ ಬ್ಯಾಕಪ್ ಹಾಕಿಡಿ.